ಭಾರ ಎತ್ತುವ ಮುನ್ನ

ನಿಂತು ಬರೆಯುತ್ತಿದ್ದ ಅಣ್ಣ

ನಮ್ಮ ಕಲಿಕಾ ಕೇಂದ್ರ ನಡೆಯುತ್ತಿದ್ದದ್ದು ಕೃಷಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ರಾತ್ರಿ 8 ಗಂಟೆಗೆ ಪಾಠ ಶುರು. ಹಮಾಲಿ ಕೆಲಸದ ಅಣ್ಣಂದಿರು ಬರುತ್ತಿದ್ದರು. ಗಾರೆ ಕೆಲಸಕ್ಕೆ ಹೋಗುವ ಅಕ್ಕಂದಿರೂ ಬರುತ್ತಿದ್ದರು. ಎಲ್ಲರೂ ಚಾಪೆಯ ಮೇಲೆ ಕೂತು ಬರೆಯುತ್ತಿದ್ದರು. ಒಬ್ಬ ಅಣ್ಣ ಮಾತ್ರ ಸ್ಲೇಟನ್ನು ಗೋಡೆಗೆ ಒತ್ತಿಕೊಂಡು ನಿಂತೇ ಬರೆಯುತ್ತಿದ್ದರು.

"ಯಾಕಣ್ಣಾ, ಕೂತ್ಕೊಳ್ಳಿ" ಎಂದೆವು.

"ಕೂತ್ರೆ ಏಳಕ್ಕಾಗಲ್ಲ ಮೇಷ್ಟ್ರೇ. ಸೊಂಟ ಹಿಡ್ಕಂಡೈತೆ. 20 ವರ್ಷದಿಂದ ಚೀಲ ಹೊರ್ತಾ ಇದೀನಿ. ನಮ್ಮಪ್ಪನ ಸೊಂಟಾನೂ ಹಿಂಗೇ ಹೋಯ್ತು. ಹಮಾಲರ ಹಣೇಲಿ ಬರೆದಿರೋದೇ ಇಷ್ಟು" ಎಂದರು.

ಅವರಿಗೆ ಆಗ 40 ವರ್ಷ. ಮನೆಯಲ್ಲಿ ಮೂರು ಮಕ್ಕಳು. ಚೀಲ ಹೊತ್ತರೆ ಕೂಲಿ, ಹೊರದಿದ್ದರೆ ಇಲ್ಲ. ಅವರ ಬೆನ್ನು ಬಿದ್ದರೆ ಮನೆಯೇ ಬಿದ್ದ ಹಾಗೆ.

ಆ ರಾತ್ರಿ ನಾವು ಪುಸ್ತಕ ಮುಚ್ಚಿ ಇದೇ ವಿಷಯ ಮಾತಾಡಿದೆವು. ಸೊಂಟನೋವು ಹಣೆಬರಹವೇ? ಅಲ್ಲ. ಅದಕ್ಕೆ ಕಾರಣಗಳಿವೆ. ಕಾರಣ ತಿಳಿದರೆ ಬೆನ್ನನ್ನು ಬಹಳ ಮಟ್ಟಿಗೆ ಕಾಪಾಡಿಕೊಳ್ಳಬಹುದು.

ಬೆನ್ನಿನ ಒಳಗೆ ಏನಿದೆ?

ಬೆನ್ನುಮೂಳೆ ಒಂದೇ ಕೋಲಿನಂತೆ ಇಲ್ಲ. ಸಣ್ಣ ಸಣ್ಣ ಮೂಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗಿದೆ. ಎರಡು ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಡಾಕ್ಟರು ಇದನ್ನು ಡಿಸ್ಕ್ ಎನ್ನುತ್ತಾರೆ. ಬಿಲ್ಲೆಯ ಹೊರಗೆ ಗಟ್ಟಿ ನಾರಿನ ಸುತ್ತು. ಒಳಗೆ ಲೋಳೆಯಂಥ ತಿರುಳು.

ನಾವು ಬೆನ್ನು ಬಗ್ಗಿಸಿ ಭಾರ ಎತ್ತುತ್ತೇವೆ. ಆಗ ಬಿಲ್ಲೆಯ ಮುಂಭಾಗ ಅಮುಕುತ್ತದೆ. ಒಳಗಿನ ತಿರುಳು ಹಿಂದಕ್ಕೆ ಒತ್ತುತ್ತದೆ. ದಿನವೂ ಹೀಗೇ ಆದರೆ ನಾರಿನ ಸುತ್ತು ಸವೆಯುತ್ತದೆ, ಬಿರಿಯುತ್ತದೆ. ಕೊನೆಗೆ ಒಂದು ದಿನ ತಿರುಳು ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತಬಹುದು. ಆಗ ಸೊಂಟದಿಂದ ಪಾದದವರೆಗೆ ಸೆಳೆತ ಬರುತ್ತದೆ. ಕಾಲು ಜೋಮು ಹಿಡಿಯುತ್ತದೆ.

ಎಲ್ಲ ಸೊಂಟನೋವೂ ಹೀಗೆ ಡಿಸ್ಕಿನಿಂದಲೇ ಬರುವುದಿಲ್ಲ. ಬಹಳ ಸಲ ಬೆನ್ನಿನ ಸ್ನಾಯು ಉಳುಕಿರುತ್ತದೆ. ಆದರೆ ಎರಡಕ್ಕೂ ದಾರಿ ಮಾಡಿಕೊಡುವುದು ತಪ್ಪಾಗಿ ಎತ್ತುವುದು ಮತ್ತು ಮಿತಿ ಮೀರಿ ಎತ್ತುವುದು.

ಕೊಡ ಹೇಳುವ ಪಾಠ

ನಾವು ಒಂದು ತುಂಬಿದ ಕೊಡ ತರಿಸಿದೆವು. "ಇದನ್ನು ಕೈ ಚಾಚಿ ಹಿಡಿದುಕೊಳ್ಳಿ ನೋಡೋಣ" ಎಂದೆವು. ಒಬ್ಬ ಅಕ್ಕ ನಕ್ಕುಬಿಟ್ಟರು.

"ಕೊಡಾನ ಯಾರು ಮೇಷ್ಟ್ರೇ ಕೈ ಚಾಚಿ ಹಿಡೀತಾರೆ? ಸೊಂಟಕ್ಕೆ ಒತ್ಕಂಡ್ರೇ ಅದು ಬರೋದು!"

ಅಕ್ಕ ಹೇಳಿದ್ದೇ ಇಂದಿನ ಪಾಠ. ಭಾರ ಮೈಯಿಂದ ದೂರ ಹೋದಷ್ಟೂ ಬೆನ್ನಿನ ಮೇಲೆ ಒತ್ತಡ ಹೆಚ್ಚು. ಕೊಡ ಅದೇ, ನೀರು ಅಷ್ಟೇ. ದೂರ ಮಾತ್ರ ಬೇರೆ.

ಇದನ್ನು ಲೆಕ್ಕದಲ್ಲೂ ನೋಡೋಣ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯು ಮೂಳೆಯ ಹಿಂದೆ ಸುಮಾರು ಮೂರು ಬೆರಳಿನಷ್ಟೇ ದೂರದಲ್ಲಿದೆ. ಭಾರ ಒಂದು ಮೊಳ ಮುಂದಿದೆ ಎನ್ನಿ. ಮೊಳವೆಂದರೆ ಮೂರು ಬೆರಳಿನ ಸುಮಾರು 9 ಪಟ್ಟು. ಹಾಗಾಗಿ ಸ್ನಾಯು ಭಾರದ 9 ಪಟ್ಟು ಜೋರಾಗಿ ಎಳೆಯಬೇಕು. 20 ಕೆಜಿ ಕಲ್ಲಿಗೆ ಸುಮಾರು 180 ಕೆಜಿಯ ಎಳೆತ! ಅದೇ ಕಲ್ಲನ್ನು ಒಂದು ಗೇಣಿನಷ್ಟು ಹತ್ತಿರ ಹಿಡಿದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಬಗ್ಗಿ ನಿಂತಾಗ ನಮ್ಮ ತಲೆ, ಎದೆ, ತೋಳಿನ ಭಾರವೂ ಇದಕ್ಕೆ ಸೇರಿಕೊಳ್ಳುತ್ತದೆ.

ನೆಲದಿಂದ ಎತ್ತುವ ಕ್ರಮ

1. ಮೊದಲು ದಾರಿ ನೋಡಿ. ಕಲ್ಲು, ಹಗ್ಗ, ಚೆಲ್ಲಿದ ಕಾಳು, ಕೆಸರು ಇದ್ದರೆ ತೆಗೆಯಿರಿ. ಎಲ್ಲಿ ಇಳಿಸಬೇಕು ಎಂಬುದನ್ನೂ ನೋಡಿಕೊಳ್ಳಿ.

2. ಒಂದು ಮೂಲೆ ಎತ್ತಿ ತೂಕ ಅಂದಾಜು ಮಾಡಿ. ಒಬ್ಬರಿಂದ ಆಗದು ಅನಿಸಿದರೆ ಇನ್ನೊಬ್ಬರನ್ನು ಕರೆಯಿರಿ. ಕರೆಯುವುದಕ್ಕೆ ನಾಚಿಕೆ ಬೇಡ.

3. ಭಾರದ ಹತ್ತಿರಕ್ಕೆ ಹೋಗಿ. ಕಾಲು ಅಗಲಿಸಿ ನಿಲ್ಲಿ. ಒಂದು ಪಾದ ಸ್ವಲ್ಪ ಮುಂದಿರಲಿ.

4. ಮಂಡಿ ಬಗ್ಗಿಸಿ ಕೆಳಗಿಳಿಯಿರಿ. ಬೆನ್ನು ಗೂನಾಗದಿರಲಿ.

5. ಬೆರಳ ತುದಿಯಲ್ಲಿ ಹಿಡಿಯಬೇಡಿ. ಇಡೀ ಅಂಗೈಯಿಂದ ಹಿಡಿಯಿರಿ. ಭಾರವನ್ನು ಮೈಗೆ ಒತ್ತಿಕೊಳ್ಳಿ.

6. ತೊಡೆಯ ಬಲದಿಂದ ಮೇಲೇಳಿ. ಜಗ್ಗಬೇಡಿ. ತೊಡೆಯ ಸ್ನಾಯು ದೊಡ್ಡದು, ಗಟ್ಟಿ.

7. ತಿರುಗಬೇಕಾದರೆ ಪಾದ ತಿರುಗಿಸಿ. ಭಾರ ಹಿಡಿದು ಸೊಂಟ ತಿರುಚಬೇಡಿ. ಬಗ್ಗಿ, ಭಾರ ಎತ್ತಿ, ಅಲ್ಲೇ ತಿರುಚುವುದು ಬೆನ್ನಿಗೆ ತೀರಾ ಕೆಟ್ಟದ್ದು.

8. ಇಳಿಸುವಾಗಲೂ ಇದೇ ಕ್ರಮ. ಕೆಲಸ ಮುಗಿಯಿತು ಎಂದು ಬೆನ್ನು ಬಗ್ಗಿಸಿ ಒಗೆಯಬೇಡಿ.

ಚೀಲ ಹೊರುವವರಿಗೆ, ಕಲ್ಲು ಮಣ್ಣು ಹೊರುವವರಿಗೆ

ದೊಡ್ಡ ಚೀಲವನ್ನು ನೆಲದಿಂದ ಒಬ್ಬರೇ ಬೆನ್ನಿಗೆ ಹಾಕಿಕೊಳ್ಳಬೇಡಿ. ಇಬ್ಬರು ಎತ್ತಿ ಕೊಡಲಿ. ಒಬ್ಬರು "ಒಂದು, ಎರಡು, ಮೂರು" ಎನ್ನಲಿ. ಮೂರಕ್ಕೆ ಇಬ್ಬರೂ ಒಟ್ಟಿಗೆ ಎತ್ತಬೇಕು. ಒಬ್ಬರು ಮುಂಚೆ, ಒಬ್ಬರು ತಡವಾಗಿ ಎತ್ತಿದರೆ ಇಡೀ ಭಾರ ಒಬ್ಬರ ಮೇಲೇ ಬೀಳುತ್ತದೆ.

ಚೀಲಗಳು ಸೊಂಟದೆತ್ತರದ ಕಟ್ಟೆಯ ಮೇಲಿದ್ದರೆ ಬಗ್ಗುವ ಕೆಲಸವೇ ಇಲ್ಲ. ಲಾರಿಗೆ ಹಾಕುವ ಹಲಗೆ ಗಟ್ಟಿಯಿರಲಿ, ಅಲುಗದಿರಲಿ. ಸ್ವಲ್ಪ ದೂರ ಸಾಗಿಸಬೇಕಾದರೆ ತಳ್ಳುಗಾಡಿ ಕೇಳಿ. ಗಾಡಿಯನ್ನು ಎಳೆಯುವುದಕ್ಕಿಂತ ತಳ್ಳುವುದು ಬೆನ್ನಿಗೆ ಹಗುರ.

ತಲೆ ಮೇಲೆ ಹೊರುವ ಅಕ್ಕಂದಿರು ಸಿಂಬೆ ಮರೆಯಬೇಡಿ. ಬುಟ್ಟಿಯನ್ನು ತಲೆಗೇರಿಸಲು, ಇಳಿಸಲು ಒಬ್ಬರ ನೆರವು ಪಡೆಯಿರಿ. ಬಸುರಿಯರು, ಬಾಣಂತಿಯರು ಭಾರ ಹೊರಬಾರದು. ಮಕ್ಕಳಿಗೆ ಹೊರೆ ಹೊರಿಸಲೇಬಾರದು.

ಕೆಲವರು ಸೊಂಟಕ್ಕೆ ಟವೆಲ್ ಬಿಗಿದುಕೊಳ್ಳುತ್ತಾರೆ. ಬಿಗಿದುಕೊಳ್ಳಲಿ. ಆದರೆ ಟವೆಲ್ ಇದೆ ಎಂದು ಹೆಚ್ಚು ಭಾರ ಹೊರಬೇಡಿ. ಟವೆಲಿನಿಂದ ಡಿಸ್ಕ್ ಗಟ್ಟಿಯಾಗುವುದಿಲ್ಲ.

ಎಷ್ಟು ಭಾರ ಹೊರಬಹುದು?

ಇದನ್ನೆಲ್ಲ ಕೇಳಿ ಆ ಅಣ್ಣ ಹೇಳಿದರು: "ಮೇಷ್ಟ್ರೇ, ಮಂಡಿ ಬಗ್ಗಿಸ್ತೀನಿ, ಮೈಗೆ ಒತ್ಕಂತೀನಿ. ಆದ್ರೆ ಭತ್ತದ ಚೀಲ 75 ಕೆಜಿ ಇರ್ತದೆ. ಅದಕ್ಕೇನು ಮಾಡ್ಲಿ?"

ಅವರು ಕೇಳಿದ್ದು ಸರಿ. ಕ್ರಮವಾಗಿ ಎತ್ತುವುದು ನಮ್ಮ ಕೈಲಿದೆ. ಚೀಲದ ತೂಕ ಒಬ್ಬರ ಕೈಲಿಲ್ಲ. ಮಿತಿ ಮೀರಿದ ಭಾರವನ್ನು ಎಷ್ಟೇ ಸರಿಯಾಗಿ ಎತ್ತಿದರೂ ಅದು ಬೆನ್ನನ್ನು ತಿನ್ನುತ್ತದೆ.

ಈ ಮಿತಿಯನ್ನು ತಿಳಿದವರು ಬರೆದಿಟ್ಟಿದ್ದಾರೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಒಂದು ಸಲಹೆ ಕೊಟ್ಟಿತು. ಒಬ್ಬ ಗಂಡಾಳಿನ ಮೇಲೆ 55 ಕೆಜಿಗಿಂತ ಹೆಚ್ಚು ಹೊರಿಸುವ ಕಡೆ ಅದನ್ನು ಬೇಗ 55ಕ್ಕೆ ಇಳಿಸಿ ಎಂದಿತು. ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದಿತು. ನಮ್ಮ ದೇಶದಲ್ಲಿ ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಅದರಲ್ಲಿ ಗಂಡಸಿಗೆ 55 ಕೆಜಿ, ಹೆಂಗಸಿಗೆ 30 ಕೆಜಿ ಮಿತಿ ಎಂದು ಬರೆಯಿತು. ಆ ನಿಯಮ ಕಟ್ಟಡ ಕೆಲಸದವರಿಗಾಗಿ ಬರೆದದ್ದು ನಿಜ. ಆದರೆ ಹಮಾಲರ ಬೆನ್ನೂ ಅಂಥದ್ದೇ ಬೆನ್ನು ತಾನೆ?

55 ಕೆಜಿಯೂ ಹಗುರವೇನಲ್ಲ. ಅದು ದಾಟಬಾರದ ಗೆರೆ. ರೇಷನ್ ಅಕ್ಕಿಯ ಚೀಲ 50 ಕೆಜಿ. ಸಿಮೆಂಟ್ ಚೀಲವೂ 50 ಕೆಜಿ. ಗಂಡಸರಿಗೆ ಇವು ಗೆರೆಯ ಒಳಗಿವೆ. 75 ಕೆಜಿ ಚೀಲ ಗೆರೆಗಿಂತ 20 ಕೆಜಿ ಹೆಚ್ಚು. ಹೆಂಗಸರಿಗೆ ಸಿಮೆಂಟ್ ಚೀಲವೂ ಗೆರೆ ದಾಟಿದ್ದೇ.

ಒಂದು ಲೆಕ್ಕ ಮಾಡಿ. ಒಬ್ಬ ಅಣ್ಣ ದಿನಕ್ಕೆ 100 ಚೀಲ ಹೊರುತ್ತಾರೆ. ಒಂದು ಚೀಲ 50 ಕೆಜಿ. ಒಟ್ಟು ಎಷ್ಟು? 5,000 ಕೆಜಿ, ಅಂದರೆ 5 ಟನ್. ಚೀಲ 75 ಕೆಜಿ ಆದರೆ ಏಳೂವರೆ ಟನ್. ಇಷ್ಟನ್ನೂ ಒಂದು ದಿನದಲ್ಲಿ ಒಂದು ಬೆನ್ನು ತಡೆಯಬೇಕು.

ನೋವು ಬಂದರೆ

ಸೊಂಟ ಉಳುಕಿದರೆ ಭಾರ ಹೊರುವುದನ್ನು ನಿಲ್ಲಿಸಿ. ಹಾಗೆಂದು ವಾರಗಟ್ಟಲೆ ಮಲಗಬೇಡಿ. ನಿಧಾನವಾಗಿ ಓಡಾಡಿ. ಬಹಳ ಜನರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಬೆನ್ನ ಮೇಲೆ ತುಳಿಸಿಕೊಳ್ಳಬೇಡಿ. ನೋವಿನ ಮಾತ್ರೆ ನುಂಗಿ ಮತ್ತೆ ಚೀಲ ಎತ್ತಬೇಡಿ. ಮಾತ್ರೆ ನೋವನ್ನು ಮರೆಸಬಹುದು, ಗಾಯ ಒಳಗೇ ಬೆಳೆಯಬಹುದು. ಹೆಂಡವೂ ಹಾಗೇ.

ಕಾಲಿನ ಬಲ ಕುಂದಿದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಅಣ್ಣ ಓದಿದ ಅಂಕಿ

ಕೆಲವು ತಿಂಗಳ ಮೇಲೆ ಆ ಅಣ್ಣ ಕೇಂದ್ರಕ್ಕೆ ಖುಷಿಯಾಗಿ ಬಂದರು. "ಮೇಷ್ಟ್ರೇ, ಇವತ್ತು ಚೀಲದ ಮೇಲಿನ ಅಂಕಿ ನಾನೇ ಓದಿದೆ. ತೂಕದ ಚೀಟೀನೂ ಓದಿದೆ. ಎಲ್ಲರಿಗೂ ಓದಿ ಹೇಳಿದೆ" ಎಂದರು.

ಮರುದಿನ ಹತ್ತು ಹನ್ನೆರಡು ಹಮಾಲರು ಒಟ್ಟಾಗಿ ಅಂಗಡಿಯ ಸಾಹುಕಾರರ ಬಳಿ ಹೋದರು. ಚೀಲದ ತೂಕ ಇಳಿಸಿ ಎಂದು ಕೇಳಿದರು. ಎತ್ತಿ ಕೊಡಲು ಇಬ್ಬರು ಬೇಕು ಎಂದೂ ಕೇಳಿದರು. ತೂಕದ ಮಾತಿಗೆ ಸಾಹುಕಾರರು "ನೋಡೋಣ" ಎಂದರು. ಎತ್ತಿ ಕೊಡಲು ಇಬ್ಬರನ್ನು ಇಡಲು ಒಪ್ಪಿದರು. ಒಬ್ಬರೇ ಹೋಗಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಆ ಅಣ್ಣನ ಸೊಂಟ ಪೂರಾ ಸರಿಹೋಗಿಲ್ಲ. ಆದರೆ ಅವರ ದೊಡ್ಡ ಮಗ ಈಗ ಅದೇ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನು ಚೀಲಕ್ಕೆ ಕೈ ಹಾಕುವಾಗೆಲ್ಲ ಅಪ್ಪ ಕೂಗುತ್ತಾರೆ: "ಮಂಡಿ ಬಗ್ಸೋ! ಒಬ್ನೇ ಎತ್ಬೇಡ, ನಿಲ್ಲು!"

ಕೂಡಿ ಮಾತಾಡೋಣ

1. ನೀವು ದಿನವೂ ಎತ್ತುವ ಭಾರ ಯಾವುದು? ಅದರ ತೂಕ ಎಷ್ಟು? ಬರೆಯಿರಿ.
2. ನೀವು ಕೆಲಸ ಮಾಡುವ ಜಾಗದಲ್ಲಿ ಬಗ್ಗುವುದನ್ನು ಕಡಿಮೆ ಮಾಡಲು ಏನು ಮಾಡಬಹುದು?
3. ತೂಕ ಇಳಿಸಿ ಎಂದು ಕೇಳಬೇಕಾದರೆ ಯಾರು ಯಾರು ಜೊತೆಗೆ ಹೋಗಬೇಕು?