ಬೂಟ್ ಆಗದೆ ನಿಂತ ಲ್ಯಾಪ್‌ಟಾಪ್: ಯಾವ ಬಾಗಿಲಲ್ಲಿ ತಡೆದರು?

ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಆಮೇಲೆ ಏನೂ ಇಲ್ಲ. ಹಾಸ್ಟೆಲ್‌ನಲ್ಲಿ ಇದಕ್ಕೆ ಸಿಗೋ ಮೊದಲ ಸಲಹೆ "ಸೆಕ್ಯೂರ್ ಬೂಟ್ ಆಫ್ ಮಾಡು", ಎರಡನೆಯದು "ಫಾರ್ಮ್ಯಾಟ್ ಹೊಡಿ". ಕ್ಯಾಂಪಸ್‌ನಲ್ಲಿದ್ದರೆ ಹೇಗೋ ಸುಧಾರಿಸಬಹುದು. ರಜೆಗೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಮನೆಗೆ ಹೋದವರ ಕಥೆ ಬೇರೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ. ಸರ್ವಿಸ್ ಸೆಂಟರ್ ಅಂದರೆ ಶಿವಮೊಗ್ಗಕ್ಕೋ, ಘಾಟಿ ಇಳಿದು ಮಂಗಳೂರಿಗೋ ಒಂದು ದಿನದ ಓಡಾಟ. ಹಾಗಾಗಿ ಏನನ್ನಾದರೂ ಆಫ್ ಮಾಡೋ ಮೊದಲು ಮಷೀನ್ ಯಾವ ಹಂತದಲ್ಲಿ ನಿಂತಿದೆ ಅಂತ ಗುರುತಿಸೋದನ್ನು ಕಲಿತುಕೊಳ್ಳೋಣ.

ಸೆಮಿಸ್ಟರ್ ಪರೀಕ್ಷೆ ನೆನಪಿಸಿಕೊಳ್ಳಿ. ಗೇಟ್‌ನಲ್ಲಿ ಐಡಿ ಕಾರ್ಡ್ ನೋಡ್ತಾರೆ, ಹಾಲ್‌ನ ಬಾಗಿಲಲ್ಲಿ ಹಾಲ್ ಟಿಕೆಟ್ ಕೇಳ್ತಾರೆ. ನೀವು ಎಲ್ಲಿ ನಿಂತಿದ್ದೀರಿ ಅನ್ನೋದರಿಂದಲೇ ಯಾವ ಕಾಗದ ಇಲ್ಲ ಅಂತ ಗೊತ್ತಾಗುತ್ತೆ. ಬೂಟ್ ಕೂಡ ಹಾಗೇ. ಪ್ರತಿ ಹಂತದ ಕೋಡ್ ಮುಂದಿನ ಹಂತದ ಡಿಜಿಟಲ್ ಸಹಿಯನ್ನು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಒಳಗೆ ಬಿಡುತ್ತೆ.

ಪರದೆಯೇ ಬೆಳಗದಿದ್ದರೆ

ಮೊದಲ ಪರೀಕ್ಷೆ ನಡೆಯೋದು ಹಾರ್ಡ್‌ವೇರ್‌ನಲ್ಲೇ. ಇಂಟೆಲ್‌ನಲ್ಲಿ ಇದರ ಹೆಸರು ಬೂಟ್ ಗಾರ್ಡ್. 2013ರ ಹ್ಯಾಸ್ವೆಲ್ ಪೀಳಿಗೆಯಿಂದ ಇದೆ. ಎಎಂಡಿಯಲ್ಲಿ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್. ಬೂಟ್ ಗಾರ್ಡ್‌ನಲ್ಲಿ ಪ್ರೊಸೆಸರ್ ಮೊದಲು ಫ್ಲ್ಯಾಶ್ ಚಿಪ್‌ನಲ್ಲಿರುವ ಇಂಟೆಲ್ ಸಹಿಯ ಒಂದು ಸಣ್ಣ ಮಾಡ್ಯೂಲನ್ನು ಪರೀಕ್ಷಿಸುತ್ತೆ. ಆ ಮಾಡ್ಯೂಲ್ ಲ್ಯಾಪ್‌ಟಾಪ್ ಕಂಪನಿಯ ಮೊದಲ ಬೂಟ್ ಕೋಡನ್ನು ಪರೀಕ್ಷಿಸುತ್ತೆ. ಕಂಪನಿಯ ಕೀಲಿಯ ಹ್ಯಾಶ್ ಚಿಪ್‌ಸೆಟ್‌ನ ಫ್ಯೂಸ್‌ಗಳಲ್ಲಿ ಸುಟ್ಟು ಕೂತಿರುತ್ತೆ, ಮತ್ತೆ ಬದಲಾಯಿಸೋಕಾಗಲ್ಲ. ಸಹಿ ಹೊಂದದಿದ್ದರೆ ಏನಾಗಬೇಕು ಅಂತ ಕಂಪನಿಯೇ ಮೊದಲು ನಿರ್ಧರಿಸಿರುತ್ತೆ. ಕೆಲವು ಮಷೀನ್ ಆಫ್ ಆಗುತ್ತವೆ, ಕೆಲವು ಬರೀ ದಾಖಲಿಸಿಕೊಂಡು ಮುಂದೆ ಹೋಗುತ್ತವೆ. ಇಲ್ಲಿ ತಡೆದರೆ ಎರರ್ ಮೆಸೇಜ್ ಬರಲ್ಲ, ಯಾಕಂದ್ರೆ ಪರದೆಗೆ ಬರೆಯೋ ಕೋಡ್ ಇನ್ನೂ ಶುರುವೇ ಆಗಿಲ್ಲ.

ಆದರೆ ಕಪ್ಪು ಪರದೆ ಅಂದ ಕೂಡಲೇ ಸಹಿಯ ತೊಂದರೆ ಅಂದುಕೊಳ್ಳಬೇಡಿ. ಡಿಡಿಆರ್5 ಮಷೀನ್‌ಗಳಲ್ಲಿ ರ್‍ಯಾಮ್ ಬದಲಿಸಿದ ಮೇಲೆ ಮೆಮೊರಿ ಟ್ರೇನಿಂಗ್ ಅಂತ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತೆ. ಚಾರ್ಜರ್ ಹಾಕಿ ಹತ್ತು ನಿಮಿಷ ಕಾಯಿರಿ. ಆಮೇಲೂ ಬರದಿದ್ದರೆ ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ರ್‍ಯಾಮ್ ತೆಗೆದು, ಒಂದೊಂದೇ ಹಾಕಿ ನೋಡಿ.

ಬಯೋಸ್ ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟಿದ್ದರೆ ಮಾತ್ರ ಅನುಮಾನ ಇಲ್ಲಿಗೇ ಬರಬೇಕು. ಚಿಪ್‌ನಲ್ಲಿ ಅರ್ಧ ಹಳೇ ಕೋಡ್, ಅರ್ಧ ಹೊಸದು ಇದ್ದರೆ ಸಹಿ ಹೊಂದೋದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಪೆನ್‌ಡ್ರೈವ್‌ನಿಂದ ಬಯೋಸ್ ವಾಪಸ್ ಹಾಕೋ ವ್ಯವಸ್ಥೆ ಇದೆ. ಒತ್ತಬೇಕಾದ ಕೀಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಇಸಿಇ ಗೆಳೆಯರು ಪ್ರೋಗ್ರಾಮರ್ ಹಿಡಿದು ಚಿಪ್‌ಗೆ ನೇರವಾಗಿ ಬರೆಯಬಹುದು. ಆದರೂ ಅದು ಅದೇ ಮಾಡೆಲ್‌ನ, ಕಂಪನಿ ಸಹಿ ಇರುವ ಕೋಡೇ ಆಗಿರಬೇಕು. ಸೆಕ್ಯೂರ್ ಬೂಟ್ ಆಫ್ ಮಾಡೋ ಸಲಹೆ ಇಲ್ಲಿ ಕೆಲಸಕ್ಕೇ ಬರಲ್ಲ, ಆ ಮೆನುವೇ ಇನ್ನೂ ಬಂದಿಲ್ಲವಲ್ಲ!

ಲೋಗೋ ಬಂದು ನಿಂತರೆ

ಲೋಗೋ ಬಂತು ಅಂದರೆ ಮೊದಲ ಬಾಗಿಲು ದಾಟಿದ ಹಾಗೆ. ಈಗ ಯುಇಎಫ್‌ಐ ಕೆಲಸ ಮಾಡ್ತಿದೆ. ಪೆನ್‌ಡ್ರೈವ್, ಹಬ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ಕಿತ್ತು ಮತ್ತೆ ಆನ್ ಮಾಡಿ. ಬಯೋಸ್ ಮೆನುಗೆ ಹೋಗಿ ಎಸ್‌ಎಸ್‌ಡಿ ಹೆಸರು ಕಾಣುತ್ತಾ ನೋಡಿ. ಕಾಣದಿದ್ದರೆ ತೊಂದರೆ ಸಹಿಯದ್ದಲ್ಲ, ಡಿಸ್ಕ್‌ನದ್ದು.

ಯುಇಎಫ್‌ಐ ಹತ್ತಿರ ಎರಡು ಪಟ್ಟಿ ಇರುತ್ತೆ: ಒಳಗೆ ಬಿಡಬೇಕಾದ ಸಹಿಗಳದ್ದು ಒಂದು, ರದ್ದಾದವುಗಳದ್ದು ಇನ್ನೊಂದು. ಇದರ ಜೊತೆಗೆ ಲಿನಕ್ಸ್ ಬೂಟ್‌ಲೋಡರ್‌ಗಳಿಗೆ ಎಸ್‌ಬ್ಯಾಟ್ ಅನ್ನೋ ಆವೃತ್ತಿ ಪರೀಕ್ಷೆಯೂ ಇದೆ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಎಸ್‌ಬ್ಯಾಟ್ ನಿಯಮವನ್ನು ಬಿಗಿ ಮಾಡಿತು. ಡ್ಯುಯಲ್ ಬೂಟ್ ಇದ್ದ ಎಷ್ಟೋ ಮಷೀನ್‌ಗಳಲ್ಲಿ ಲಿನಕ್ಸ್ ತೆರೆಯೋದೇ ನಿಂತುಹೋಯಿತು. ಆಗ ಸೆಕ್ಯೂರ್ ಬೂಟನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಲಿನಕ್ಸ್ ಒಳಗೆ ಹೋಗಿ, ಮೋಕ್‌ಯುಟಿಲ್‌ನಿಂದ ಆ ನಿಯಮ ಅಳಿಸಿ, ಲಿನಕ್ಸನ್ನೇ ಮತ್ತೊಮ್ಮೆ ಬೂಟ್ ಮಾಡಿ, ಕೊನೆಗೆ ಸೆಕ್ಯೂರ್ ಬೂಟ್ ಆನ್ ಮಾಡಬೇಕಾಯಿತು. ಆಫ್ ಮಾಡೋದು ಒಂದು ಮೆಟ್ಟಿಲಷ್ಟೇ, ಅಲ್ಲೇ ಬಿಟ್ಟುಬಿಡೋದಲ್ಲ.

ಗ್ರಬ್ ದಾಟಿ ಕಪ್ಪಾದರೆ

ನಮ್ಮಲ್ಲಿ ಜಾಸ್ತಿ ಕಾಣೋದು ಇದೇ. ಕೊಪ್ಪದ ಹತ್ತಿರ ಮನೆಯಿರೋ ನಮ್ಮ ಗೆಳೆಯ ಒಂದು ಸಂಜೆ ಫೋನ್ ಮಾಡಿ, "ಸೆಕ್ಯೂರ್ ಬೂಟ್ ಕೈಕೊಡ್ತು ಕಣ್ರೋ, ನಾಳೆ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸ್ತೀನಿ" ಅಂದ. ಮಿನಿ ಪ್ರಾಜೆಕ್ಟ್‌ನ ಕೋಡೆಲ್ಲ ಅದರಲ್ಲೇ ಇತ್ತು. ನಾವು ಕೇಳಿದ್ದು ಮೂರೇ ಪ್ರಶ್ನೆ. ಲೋಗೋ ಬಂತಾ? ಬಂತು. ಗ್ರಬ್ ಮೆನು ಬಂತಾ? ಬಂತು. ನಿನ್ನೆ ಏನು ಇನ್‌ಸ್ಟಾಲ್ ಮಾಡಿದೆ? ಗ್ರಾಫಿಕ್ಸ್ ಡ್ರೈವರ್. ಅಲ್ಲಿಗೆ ವಿಷಯ ಗೊತ್ತಾಯ್ತು.

ಸೆಕ್ಯೂರ್ ಬೂಟ್ ಆನ್ ಇದ್ದಾಗ ಉಬುಂಟು ಥರದ ಲಿನಕ್ಸ್‌ಗಳು ಸಹಿ ಇಲ್ಲದ ಡ್ರೈವರ್ ಲೋಡ್ ಮಾಡಲ್ಲ. ಅದಕ್ಕೆ ಡ್ರೈವರ್ ಹಾಕುವಾಗ ಮೋಕ್ ಅನ್ನೋ ಕೀಲಿ ತಯಾರಾಗುತ್ತೆ, ಒಂದು ಪಾಸ್‌ವರ್ಡ್ ಕೇಳುತ್ತೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ಸುಮಾರು ಹತ್ತು ಸೆಕೆಂಡ್ ಕಾಯುತ್ತೆ. ಅಷ್ಟರೊಳಗೆ ಕೀ ಒತ್ತಿ, ಎನ್‌ರೋಲ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಗೆಳೆಯ ಆ ಹೊತ್ತಿಗೆ ಕಾಫಿ ಕುಡಿಯೋಕೆ ಎದ್ದುಹೋಗಿದ್ದ. ಗ್ರಬ್‌ನ ಅಡ್ವಾನ್ಸ್‌ಡ್ ಆಯ್ಕೆಯಿಂದ ರಿಕವರಿ ಮೋಡ್‌ಗೆ ಹೋಗಿ, ಮೋಕ್‌ಯುಟಿಲ್‌ನಿಂದ ಕೀಲಿಯನ್ನು ಮತ್ತೆ ಇಂಪೋರ್ಟ್ ಮಾಡಿ, ನೀಲಿ ಪರದೆಗೆ ಕಾದು ಕೂತ. ಒಂದು ಫೈಲೂ ಹೋಗಲಿಲ್ಲ.

ಮುಟ್ಟೋ ಮೊದಲು

ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದೇನೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರೋದು ಸಾಮಾನ್ಯ. ಅದರ ಕೀಲಿಯನ್ನು ಕಾಯೋದು ಟಿಪಿಎಂ. ಬೂಟ್ ಆದ ರೀತಿಯನ್ನು ಅದು ಅಳೆದಿಟ್ಟುಕೊಂಡಿರುತ್ತೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಅಳತೆ ಬದಲಾಗಿ, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಟಿಪಿಎಂ ಕ್ಲಿಯರ್ ಮಾಡಿದರೆ ಅದರೊಳಗಿನ ಕೀಲಿಯೇ ಹೋಗುತ್ತೆ. ಆಮೇಲೆ ಆ 48 ಅಂಕಿ ಇಲ್ಲದಿದ್ದರೆ ಡೇಟಾ ಇದ್ದೂ ಇಲ್ಲದ ಹಾಗೆ. ರಿಕವರಿ ಕೀ ಸಾಮಾನ್ಯವಾಗಿ ಮೊದಲು ಸೈನ್ ಇನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಆ ಖಾತೆ ನಿಮ್ಮದೋ, ಅಣ್ಣನದೋ, ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟ ಅಂಗಡಿಯವರದೋ ಅಂತ ಇವತ್ತೇ ನೋಡಿ.

ರಜೆಗೆ ಹೊರಡೋ ಮುಂಚೆ ಆ 48 ಅಂಕಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಉಬುಂಟು ಅಥವಾ ಫೆಡೋರಾದ ಲೈವ್ ಪೆನ್‌ಡ್ರೈವ್ ಒಂದು ಬ್ಯಾಗ್‌ನಲ್ಲಿರಲಿ. ಎರಡಕ್ಕೂ ಸಹಿ ಇದೆ, ಸೆಕ್ಯೂರ್ ಬೂಟ್ ಆನ್ ಇದ್ದರೂ ತೆರೆಯುತ್ತವೆ. ಬಯೋಸ್ ಅಪ್‌ಡೇಟ್ ಬಾಕಿ ಇದ್ದರೆ ಇಲ್ಲೇ, ಕರೆಂಟ್ ಗಟ್ಟಿಯಾಗಿರುವಾಗ ಮುಗಿಸಿಬಿಡಿ. ಜುಲೈ ಮಳೆಯಲ್ಲಿ ಮನೆಗೆ ಹೋಗಿ ಆ ಬಟನ್ ಒತ್ತೋದು ಬೇಡ.