ಹೊಸ ಬ್ಯಾಟರಿ ತರುವ ಮೊದಲು ಹಳೆಯದರ ಮೈಮೇಲೆ ಓದಿ

ರಾತ್ರಿ ಎರಡು ಗಂಟೆ. ಹೆರಿಗೆಗೆ ತವರಿಗೆ ಬಂದಿದ್ದ ತಂಗಿಗೆ ನೋವು ಶುರುವಾಗಿತ್ತು. ಅವ್ವ ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಕಾರಿನ ಕೀಲಿ ತಿರುಗಿಸಿದೆ. ಟಕ್, ಟಕ್, ಟಕ್. ಅಷ್ಟೇ. ಮುಂದಿನ ದೀಪಗಳೂ ಮಂಕಾದವು.

ನಮ್ಮೂರು ಗದಗ ತಾಲ್ಲೂಕಿನ ಹಿರೇಹಂದಿಗೋಳ. ಹೆರಿಗೆಗೆ ಗದಗಕ್ಕೇ ಹೋಗಬೇಕು. ನಾನು ಬೆಂಗಳೂರಿನಿಂದ ಹಿಂದಿನ ದಿನವಷ್ಟೇ ರೈಲಿನಲ್ಲಿ ಬಂದಿದ್ದೆ. ಅಪ್ಪ ಓಡಾಡುವುದು ಬೈಕಿನಲ್ಲೇ, ಹಾಗಾಗಿ ಕಾರು ಒಂದು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಪುಣ್ಯಕ್ಕೆ ಓಣಿಯ ನಾಲ್ಕು ಜನ ಎದ್ದು ಬಂದು ದೂಡಿದರು. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ, ಗಾಡಿ ಚಾಲೂ ಆಯಿತು. ಬೆಳಗಾಗುವಷ್ಟರಲ್ಲಿ ನಾನು ಸೋದರಮಾವ ಆಗಿದ್ದೆ.

ಅವತ್ತೇ ಆಸ್ಪತ್ರೆಯ ವರಾಂಡದಲ್ಲಿ ಕೂತು ಮೊಬೈಲಿನಲ್ಲಿ ಹೊಸ ಬ್ಯಾಟರಿ ತರಿಸಿದೆ. ಹಳೆಯದು 35 ಆಂಪಿಯರ್-ಅವರ್, ಇದೂ 35, ಮುಗೀತಲ್ಲ ಅಂತ ನನ್ನ ಲೆಕ್ಕ. ಎಂಜಿನಿಯರಿಂಗ್ ಓದಿದವನ ಜಂಬ! ಬಂದ ಬ್ಯಾಟರಿ ಜಾಗದಲ್ಲಿ ಸರಿಯಾಗಿ ಕೂತಿತು, ಆದರೆ ಕಾರಿನ ವೈರು ಅದಕ್ಕೆ ಮುಟ್ಟಲೇ ಇಲ್ಲ. ಗದಗಿನಲ್ಲಿ ನಮಗೆ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಕಾಕಾ ನೋಡಿ ನಕ್ಕರು.

"ತಮ್ಮಾ, ಇದರ ಪ್ಲಸ್ ಮೈನಸ್ ತಿರುಗಾಮುರುಗಾ ಅದಾವು. ಎಳದು ಹಚ್ಚಾಕ ಹೋಗಬ್ಯಾಡ. ಉಲ್ಟಾ ಹತ್ತಿತಂದ್ರ ಗಾಡಿ ಒಳಗಿನ ಎಲೆಕ್ಟ್ರಾನಿಕ್ ಸಾಮಾನು ಎಲ್ಲಾ ಸುಟ್ಟು ಹೋಗತಾವು."

ಆಮೇಲೆ ಹಳೆಯ ಬ್ಯಾಟರಿಯ ಮೇಲಿನ ಧೂಳು ಒರೆಸಿ, "ಓದು" ಅಂದರು. 38ಬಿ20ಎಲ್ ಎಂದಿತ್ತು. ನಾನು ತರಿಸಿದ್ದು 38ಬಿ20ಆರ್. ಒಂದೇ ಅಕ್ಷರದ ವ್ಯತ್ಯಾಸ.

ಇದು ಜಪಾನಿನ ಪದ್ಧತಿಯ ಗುರುತು. 38 ಅನ್ನುವುದು ಆಂಪಿಯರ್-ಅವರ್ ಅಲ್ಲ, ಶಕ್ತಿಯ ದರ್ಜೆ. ಬಿ ಅಂದರೆ ಅಗಲ, ಎತ್ತರದ ವರ್ಗ. 20 ಅಂದರೆ ಸುಮಾರು 20 ಸೆಂಟಿಮೀಟರ್ ಉದ್ದ. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್‌ಗಳು ಇರುವ ದಿಕ್ಕು. ಯಾವ ಕಡೆಯಿಂದ ನೋಡುತ್ತೇವೆ ಅನ್ನುವುದರ ಮೇಲೆ ಎಡ ಬಲವೂ ಬದಲಾಗುತ್ತೆ. ಅದಕ್ಕೇ ಅಂದಾಜು ಹಾಕದೆ, ಹಳೆಯದರ ಫೋಟೋ ತೆಗೆದು ಅಕ್ಷರಕ್ಕೆ ಅಕ್ಷರ ಹೊಂದಿಸಿ. ಹಿಂದೆ ಯಾರೋ ಬೇರೆ ಬ್ಯಾಟರಿ ಹಾಕಿರುವ ಅನುಮಾನ ಇದ್ದರೆ ಕಾರಿನ ಕೈಪಿಡಿ ನೋಡಿ. ಡಿನ್ 44 ಎಂಬಂಥ ಗುರುತಿದ್ದರೆ ಅದು ಜರ್ಮನ್ ಪದ್ಧತಿ, ಅದರಲ್ಲಿ 44 ಅನ್ನುವುದು ಆಂಪಿಯರ್-ಅವರ್. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬೇಕು, ಸಾಮಾನ್ಯದ್ದು ಬೇಗ ಸೋಲುತ್ತೆ.

"ಹಂಗಾದ್ರ ದೊಡ್ಡದು, 45ರದು ಹಾಕಿಬಿಡೋಣೇನ್ರಿ ಕಾಕಾ?" ಅಂದೆ.

"ದೊಡ್ಡದು ತಂದು ಎಲ್ಲಿ ಕೂಡಸ್ತಿ? ಗಾಡಿ ಓಡಿಸದ ಇಟ್ರ ಅದೂ ಇಳೀತದ."

ಮನೆಗೆ ಬಂದು ಲೆಕ್ಕ ಹಾಕಿದೆ. ಕಾರು ಬಂದ್ ಇದ್ದರೂ ಗಡಿಯಾರ, ಅಲಾರಂ, ಕಂಪ್ಯೂಟರ್ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಿರುತ್ತವೆ. 30 ಮಿಲಿಆಂಪಿಯರ್ ಅಂತಲೇ ಹಿಡಿಯಿರಿ. ದಿನಕ್ಕೆ 0.72, ತಿಂಗಳಿಗೆ ಸುಮಾರು 21 ಆಂಪಿಯರ್-ಅವರ್. 35ರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ! 45ರದು ಹಾಕಿದ್ದರೆ ಎರಡು ವಾರ ಹೆಚ್ಚು ತಾಳುತ್ತಿತ್ತು, ಅಷ್ಟೇ. ಹೀಗೆ ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಆಮೇಲೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ನಮ್ಮ ಕಡೆಯ ಬೇಸಿಗೆಯ ಬಿಸಿಲು ಬ್ಯಾಟರಿಯ ಆಯುಷ್ಯವನ್ನು ಇನ್ನಷ್ಟು ಕಡಿಮೆ ಮಾಡುತ್ತೆ.

ಹಾಗಾಗಿ ಕೊಳ್ಳುವ ಮೊದಲು ಬ್ಯಾಟರಿ ನಿಜಕ್ಕೂ ಸತ್ತಿದೆಯೋ, ಬರೀ ಇಳಿದಿದೆಯೋ ನೋಡಿ. ಚಾರ್ಜ್ ಮಾಡಿ ಕೆಲವು ತಾಸು ಬಿಟ್ಟು ಮೀಟರ್ ಹಿಡಿದರೆ ಸುಮಾರು 12.6 ವೋಲ್ಟ್ ಇರಬೇಕು. 12ರ ಆಸುಪಾಸು ಅಂದರೆ ಹೆಚ್ಚೂಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು. ಅಷ್ಟು ಬರದಿದ್ದರೆ ಆಲ್ಟರ್ನೇಟರ್ ಕಡೆ ತೊಂದರೆ ಇರಬಹುದು, ಹೊಸ ಬ್ಯಾಟರಿಯೂ ಹೀಗೇ ಇಳಿಯುತ್ತೆ. ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿದರೆ ಇನ್ನೂ ಖಾತ್ರಿ. ನಮ್ಮದು ಆ ಟೆಸ್ಟಿನಲ್ಲಿ ಸೋತಿತು.

ಕೊಳ್ಳುವಾಗ ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಬಹಳ ದಿನ ಕೂತದ್ದು ಬೇಡ. ವಾರಂಟಿ 55 ತಿಂಗಳು ಅಂದರೆ ಅಷ್ಟೂ ದಿನ ಉಚಿತ ಬದಲಿ ಅಂತ ತಿಳಿಯಬೇಡಿ. ಹೆಚ್ಚಾಗಿ ಮೊದಲ ಭಾಗಕ್ಕೆ ಮಾತ್ರ ಉಚಿತ, ಉಳಿದದ್ದಕ್ಕೆ ಬೆಲೆಯಲ್ಲಿ ರಿಯಾಯಿತಿ. ಎಷ್ಟು ತಿಂಗಳು ಯಾವುದು ಅಂತ ಓದಿ, ಕಾರ್ಡಿಗೆ ತಾರೀಖು, ಸಿಕ್ಕೆ ಹಾಕಿಸಿ. ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಒಳಗೆ ಸೀಸ, ಆಸಿಡ್ ಇರುವ ವಸ್ತು ಕೂಸು ಇರುವ ಮನೆಯ ಹಿತ್ತಲಲ್ಲಿ ಬಿದ್ದಿರಬಾರದು.

ನಾನು ತರಿಸಿದ್ದನ್ನು ವಾಪಸ್ ಕಳಿಸಿ, ಕಾಕಾ ಹೇಳಿದ 38ಬಿ20ಎಲ್ ಅನ್ನೇ ಹಾಕಿಸಿದೆ. ಈಗ ಅಪ್ಪ ವಾರಕ್ಕೊಮ್ಮೆ ಕಾರು ತೆಗೆದು ಬೆಟಗೇರಿಯವರೆಗೆ ಹೋಗಿ ಬರುತ್ತಾರೆ. ಬಂದು ಫೋನ್ ಮಾಡುತ್ತಾರೆ: "ಗಾಡಿ ಒಂದ ಸಲಕ್ಕ ಚಾಲೂ ಆತಪಾ. ಕೂಸಿನ ಇಂಜೆಕ್ಷನ್ನಿಗೂ ಅದರಾಗ ಕರ್ಕೊಂಡು ಹೋಗಿದ್ದೆ."