ನೆಲೆ ತಪ್ಪಿದ ಮಕ್ಕಳ ವಿದ್ಯಾಭ್ಯಾಸವೂ ಗಡಿನಾಡಿನ ಉಪಾಧ್ಯಾಯರೂ

ಚಿತ್ರಾವತಿಯು ಕರ್ನಾಟಕದಲ್ಲಿ ಹುಟ್ಟಿ, ಗಡಿಯನ್ನು ದಾಟಿ, ಗೋರಂಟ್ಲದ ಮಗ್ಗುಲಲ್ಲಿ ಹರಿಯುತ್ತದೆ. ಕೂಲಿಯನ್ನರಸಿ ಬೆಂಗಳೂರಿಗೂ ಹಿಂದೂಪುರಕ್ಕೂ ಅಲೆಯುವ ಸಂಸಾರಗಳಿಗೂ ಈ ಗಡಿಯು ಅಡ್ಡಿಯಲ್ಲ. ಆದರೆ ಅಂತಹ ಸಂಸಾರವು ಒಡೆದು ಮಗುವು ಬೀದಿಗೆ ಬಿದ್ದ ದಿನ, ಅದರ ವಿದ್ಯಾಭ್ಯಾಸಕ್ಕೆ ಅದೇ ಗಡಿಯು ಗೋಡೆಯಾಗುತ್ತದೆ. ಆಗ ಉಪಾಧ್ಯಾಯರು ಮಾಡಬಹುದಾದುದೇನೆಂಬುದನ್ನು ವಿವರಿಸುವುದೇ ಈ ಕಿರುಲೇಖನದ ಉದ್ದೇಶ.

2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಗೋರಂಟ್ಲವು ಅದುವರೆಗೆ ಅನಂತಪುರ ಜಿಲ್ಲೆಯಲ್ಲಿದ್ದಿತು. ಆ ಜಿಲ್ಲೆಯು ಮದರಾಸು ಪ್ರಾಂತದ ಭಾಗವಾಗಿದ್ದಾಗ, 1920ರಲ್ಲಿ, ಮದರಾಸು ಮಕ್ಕಳ ಕಾಯಿದೆಯು ರಚಿತವಾಯಿತು. ಭಾರತದಲ್ಲಿ ಇಂತಹ ಪ್ರಾಂತೀಯ ಕಾಯಿದೆಗಳಲ್ಲಿ ಅದೇ ಮೊದಲನೆಯದು. ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ. ಹದಿನೆಂಟು ತುಂಬದವರನ್ನು ಅದು ಎರಡು ವಿಧವಾಗಿ ಕಾಣುತ್ತದೆ. ಆರೈಕೆ, ರಕ್ಷಣೆ ಬೇಕಾದ ಮಕ್ಕಳ ವಿಚಾರವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ನೋಡುತ್ತದೆ. ಅಪರಾಧದ ಆರೋಪಕ್ಕೊಳಗಾದವರನ್ನು ಬಾಲನ್ಯಾಯ ಮಂಡಳಿಯು ವಿಚಾರಿಸುತ್ತದೆ. ಮಗುವನ್ನು ಸಂಸ್ಥೆಯಲ್ಲಿರಿಸಬಹುದು, ಇಲ್ಲವೆ ಪೋಷಕ ಕುಟುಂಬಕ್ಕೆ ಒಪ್ಪಿಸಬಹುದು. ಎರಡೆಡೆಯಲ್ಲಿಯೂ ಅದನ್ನು ಓದಿಸುವುದು ಕಡ್ಡಾಯ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಪಾವಗಡದ ಕಡೆಯ ಹತ್ತು ವರ್ಷದ ಹುಡುಗನೊಬ್ಬನು ಹಿಂದೂಪುರದ ರೈಲ್ವೆ ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕುತ್ತಾನೆ. ಕನ್ನಡದಲ್ಲಿ ನಾಲ್ಕನೆಯ ತರಗತಿ ಓದಿದವನು. ಅವನನ್ನು ಸೇರಿಸಿದ ಶಾಲೆಯ ಬೋಧನೆಯೆಲ್ಲ ತೆಲುಗಿನಲ್ಲಿ. ತೆಲುಗು ಅಕ್ಷರ ಬಾರದೆಂದು ಅವನನ್ನು ಒಂದನೆಯ ತರಗತಿಯಲ್ಲಿ ಕೂರಿಸಿದರೆ ಎಷ್ಟು ದಿನ ಕುಳಿತಾನು? ಬುದ್ಧಿಯಿದ್ದೂ ದಡ್ಡನೆನಿಸಿಕೊಂಡು ಓಡಿಹೋಗುವನು. ಇಲ್ಲಿ ಅವನ ಪರವಾಗಿ ವಾದಿಸಬೇಕಾದವರು ಯಾರು? ತಾಯಿತಂದೆಗಳಿಲ್ಲ, ಉಪಾಧ್ಯಾಯರೇ ಇದ್ದಾರೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಅವರ ಕೈಗೆ ಬಲ ಕೊಟ್ಟಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದುದನ್ನು ವಿಶೇಷ ತರಬೇತಿಯಿಂದ ತುಂಬಬೇಕು. ವರ್ಗಾವಣೆ ಪತ್ರ ಬರಲಿಲ್ಲವೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಹಿಂದಕ್ಕೆ ಕಳುಹಿಸುವಂತಿಲ್ಲ. ಬೋಧನೆಯು ಸಾಧ್ಯವಾದಮಟ್ಟಿಗೆ ಮಾತೃಭಾಷೆಯಲ್ಲಿರಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350ಎ ವಿಧಿಯ ಆಶಯವೂ ಇದೇ. ಆದುದರಿಂದ ಹುಡುಗನ ಮಾತು ಕನ್ನಡವೆಂದು ಸಮಿತಿಗೆ ಬರೆದು ತಿಳಿಸುವುದು ಮೊದಲ ಕೆಲಸ. ಮಗುವಿನ ಹಿತಕ್ಕೆ ಒಳ್ಳೆಯದೆಂದು ಕಂಡರೆ, ಅವನ ಸ್ವಂತ ಜಿಲ್ಲೆಯ ಸಮಿತಿಯೊಡನೆ ವಿಚಾರಿಸಿ, ಹೊರರಾಜ್ಯವಾದರೂ ಅಲ್ಲಿಗೆ ಕಳುಹಿಸಿಕೊಡಲು ಬಾಲನ್ಯಾಯ ಕಾಯಿದೆಯ 95ನೆಯ ಪ್ರಕರಣದಲ್ಲಿ ಅವಕಾಶವಿದೆ.

ಎರಡನೆಯದು ನಮ್ಮ ಅಡ್ಮಿಷನ್ ರಿಜಿಸ್ಟರಿನ ಮಾತು. ಆರೋಪಿಯ ವಯಸ್ಸು ಸಂದೇಹಕ್ಕೆ ಬಂದಾಗ, 94ನೆಯ ಪ್ರಕರಣದಂತೆ, ಮೊದಲು ನೋಡುವ ಆಧಾರಗಳಲ್ಲಿ ಶಾಲೆಯು ಕೊಡುವ ಜನ್ಮದಿನಾಂಕದ ಪ್ರಮಾಣಪತ್ರವೂ ಒಂದು. ಬರಿಯ ವರ್ಗಾವಣೆ ಪತ್ರವು ಸಾಲದೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿದೆ. ಜೂನ್ ತಿಂಗಳ ಗಡಿಬಿಡಿಯಲ್ಲಿ ಅಂದಾಜಿನಿಂದ ಬರೆದ ಒಂದು ತಾರೀಖು, ಮುಂದೊಂದು ದಿನ ಹುಡುಗನನ್ನು ಮಂಡಳಿಯ ಮುಂದೆ ನಿಲ್ಲಿಸುವುದೋ ದೊಡ್ಡವರ ನ್ಯಾಯಾಲಯಕ್ಕೆ ಒಯ್ಯುವುದೋ ಯಾರು ಬಲ್ಲರು?

ಮೂರನೆಯದು ಮೌನ. ಇಂತಹ ಮಗುವಿನ ಹೆಸರನ್ನೂ ಶಾಲೆಯನ್ನೂ ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನು 74ನೆಯ ಪ್ರಕರಣವು ನಿಷೇಧಿಸಿದೆ. ತರಗತಿಯಲ್ಲಿ ‘ಹೋಮಿನ ಹುಡುಗ’ ಎಂದು ಕರೆಯುವುದನ್ನು ತಡೆಯಬೇಕಾದವರು ನಾವೇ.

ಇಂಗ್ಲೆಂಡಿನಲ್ಲಿ ಸರ್ಕಾರದ ಪೋಷಣೆಯಲ್ಲಿರುವ ಮಕ್ಕಳ ಓದನ್ನು ಗಮನಿಸಲೆಂದೇ ಪ್ರತಿಯೊಂದು ಸ್ಥಳೀಯ ಆಡಳಿತವೂ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂದು 2014ರ ಕಾಯಿದೆಯು ವಿಧಿಸಿತು. ಗಡಿಯ ಈಚೆ ಆಚೆಯ ಉಪಾಧ್ಯಾಯ ಸಂಘಗಳು, ಎರಡು ಭಾಷೆಗಳನ್ನೂ ಬಲ್ಲ ಒಬ್ಬೊಬ್ಬರನ್ನು ಈ ಕೆಲಸಕ್ಕೆ ಗೊತ್ತುಮಾಡಿಕೊಳ್ಳಬಾರದೇಕೆ? ಇದಕ್ಕೆ ಹಣ ಬೇಡ. ಒಂದು ಕಾಗದ ಬರೆಯುವ ಶ್ರದ್ಧೆ ಸಾಕು. ಉಪಾಧ್ಯಾಯ ಬಂಧುಗಳು ಆಲೋಚಿಸಬೇಕೆಂದು ಪ್ರಾರ್ಥನೆ.